ಕಿಟಕಿ ಸೀಟಿಗೆ ಹಾಕಿದ ಟವೆಲ್ಲು

ಈ ಬೇಸಿಗೆಯಲ್ಲಿ ನೀವು ಹೊಳೆನರಸೀಪುರದ ನಮ್ಮ ಮನೆಗೆ ಬಂದರೆ ಮೊದಲು ಕಾಣುವುದು ನಾನಲ್ಲ, ನನ್ನ ತಲೆಯ ಮೇಲಿನ ಒದ್ದೆ ಟವೆಲ್ಲು. ಕೆಂಪು ಅಂಚಿನ ಬಿಳಿ ಟವೆಲ್ಲು. ಬಿಳಿ ಎನ್ನುವುದನ್ನು ನೀವು ನನ್ನ ಮಾತಿನ ಮೇಲೆ ನಂಬಬೇಕು. ನಮ್ಮ ತಾರಸಿ ಬೆಳಿಗ್ಗೆ ಹತ್ತಕ್ಕೆ ಕಾಯಲು ಶುರುವಾದರೆ ಮಧ್ಯಾಹ್ನದ ಹೊತ್ತಿಗೆ ಕೆಳಗಿರುವ ನಾವು ಹದವಾಗಿ ಬೆಂದಿರುತ್ತೇವೆ. ಹೇಮಾವತಿ ಹೊಳೆ ಕೂಗಳತೆಯಲ್ಲೇ ಇದೆ. ಆದರೆ ಅದರ ತಂಪುಗಾಳಿ ನಮ್ಮ ಬೀದಿಯ ತಿರುವಿನವರೆಗೆ ಬಂದು, ಅಲ್ಲಿನ ಟೀ ಅಂಗಡಿಯಲ್ಲಿ ಕೂತುಬಿಡುತ್ತದೆ. ಮನೆಯವರೆಗೆ ಬರುವುದಿಲ್ಲ.

ಹೀಗೆ ಟವೆಲ್ಲು ಹೊದ್ದು ನಾನು ಟೀವಿ ನ್ಯೂಸಿನ ಮುಂದೆ ಕೂರುತ್ತೇನೆ. "ಸೆಖೆ ಅಂತ ತಿಳ್ಕೊಳ್ಳೋಕೂ ಟೀವಿ ಬೇಕೇನ್ರಿ?" ಎಂದು ನನ್ನ ಹೆಂಡತಿ ಸರೋಜ ದಿನಾ ಕೇಳುತ್ತಾಳೆ. ಬೇಕು. ಸೂರ್ಯನಿಗೆ ಕಣ್ಣು ಮೀಸೆ ಬರೆದು, ಬಾಯಿಂದ ಬೆಂಕಿ ಉಗುಳಿಸಿ, ಹಿಂದಿನಿಂದ ಡೋಲು ಬಡಿದು, ಕೋಟು ಹಾಕಿದ ಮನುಷ್ಯನೊಬ್ಬ ಗಂಟಲು ಹರಿದುಕೊಂಡು ಹೇಳಿದ ಮೇಲೆಯೇ ನನಗೆ ಬೆವರು ಸರಿಯಾಗಿ ಕಿತ್ತುಕೊಳ್ಳುವುದು. ಪಾಪ, ಅವನೂ ಏಸಿ ಕೋಣೆಯೊಳಗೆ ನಿಂತು ನಮ್ಮ ಸೆಖೆಯನ್ನು ವರ್ಣಿಸಬೇಕು. ಅದೂ ಸುಲಭದ ಕೆಲಸವಲ್ಲ.

ಮೊನ್ನೆ ಅದೇ ಟೀವಿಯಲ್ಲಿ ರಾಜಸ್ಥಾನ ತೋರಿಸಿದರು. ಯಾರೋ ಒಬ್ಬ ಬಿಸಿ ಮರಳಿನ ಮೇಲೆ ಹಪ್ಪಳ ಇಟ್ಟು ಸುಡುತ್ತಿದ್ದ. ಪ್ರತಿ ಬೇಸಿಗೆ ತೋರಿಸುತ್ತಾರೆ. ಹಪ್ಪಳವೂ ಹಳೆಯದೇ ಇರಬೇಕು. ಸರೋಜ ಅಡುಗೆಮನೆಯಿಂದ ಇಣುಕಿ, "ನಿಮ್ಮ ವಿಮಾನದ ಊರು ಬಂತು ನೋಡಿ" ಎಂದು ನಕ್ಕಳು. ನಾನು ಟವೆಲ್ಲನ್ನು ಕಣ್ಣಿನವರೆಗೂ ಎಳೆದುಕೊಂಡೆ. ರಾಜಸ್ಥಾನಕ್ಕೂ ಈ ಟವೆಲ್ಲಿಗೂ ಒಂದು ಸಂಬಂಧವಿದೆ. ಹೇಳಲು ನಾಚಿಕೆಯಾಗುತ್ತದೆ. ನೀವು ನಮ್ಮವರೇ ಆದ್ದರಿಂದ ಹೇಳುತ್ತೇನೆ.

ಮೊದಲು ಟವೆಲ್ಲಿನ ವಿಷಯ ಮುಗಿಸಿಬಿಡೋಣ. ನಮ್ಮ ಕಡೆ ಟವೆಲ್ಲು ಬರೀ ಮೈ ಒರೆಸಿಕೊಳ್ಳುವ ಬಟ್ಟೆಯಲ್ಲ, ಅದೊಂದು ಹಕ್ಕುಪತ್ರ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ತಿರುವು ತೆಗೆದುಕೊಳ್ಳುತ್ತಿರುವಾಗಲೇ ಅದರ ಪಕ್ಕ ಓಡುತ್ತ ಕಿಟಕಿಯಿಂದ ಟವೆಲ್ಲು ಎಸೆದರೆ ಆ ಸೀಟು ನಿಮ್ಮದು. ಆಮೇಲೆ ನೀವು ಕಡಲೆಕಾಯಿ ಕೊಂಡು, ಸಿಪ್ಪೆ ಸುಲಿಯುತ್ತ ನಿಧಾನಕ್ಕೆ ಹತ್ತಿದರೂ ಸೀಟು ಖಾಲಿಯೇ ಇರುತ್ತದೆ. ಯಾರಾದರೂ ಕೂತಿದ್ದರೆ "ಟವೆಲ್ ಹಾಕಿದೀನಿ" ಅಂದರೆ ಸಾಕು, ಎಂಥ ಜಗಳಗಂಟನೂ ಎದ್ದು ನಿಲ್ಲುತ್ತಾನೆ. ಈ ಕಾನೂನನ್ನು ಯಾರು ಮಾಡಿದರೋ ಗೊತ್ತಿಲ್ಲ. ಸರ್ಕಾರದ ಕಾನೂನಿಗಿಂತ ಚೆನ್ನಾಗಿ ನಡೆಯುತ್ತದೆ.

ಈ ವಿದ್ಯೆ ನನಗೆ ಹೇಳಿಕೊಟ್ಟವಳು ನನ್ನ ಅಕ್ಕ ಪುಟ್ಟಲಕ್ಷ್ಮಿ. ನನಗಿಂತ ಆರು ವರ್ಷ ದೊಡ್ಡವಳು. ಬೇಸಿಗೆ ರಜಕ್ಕೆ ಸಾಲಗಾಮೆಯ ಅಜ್ಜಿಯ ಮನೆಗೆ ಹೋಗುವಾಗ ನಾವು ಹಾಸನದಲ್ಲಿ ಬಸ್ಸು ಬದಲಿಸಬೇಕಿತ್ತು. ಅಪ್ಪನ ಟವೆಲ್ಲು ಅಪ್ಪನ ಹೆಗಲ ಮೇಲೇ ಇರಬೇಕು, ಅದು ಮರ್ಯಾದೆಯ ಪ್ರಶ್ನೆ. ಹಾಗಾಗಿ ಅಕ್ಕ ನನ್ನನ್ನೇ ಎತ್ತಿ ಕಿಟಕಿಯೊಳಕ್ಕೆ ತೂರಿಸುತ್ತಿದ್ದಳು. ತಲೆ ಬಸ್ಸಿನ ಒಳಗೆ, ಕಾಲು ಹೊರಗೆ, ಚಡ್ಡಿ ಕಿಟಕಿಯ ಮೊಳೆಯಲ್ಲಿ. "ಅಗಲುಕ್ಕೆ ಮಲಿಕ್ಕಳ್ಲಾ" ಎಂದು ಹೊರಗಿನಿಂದ ಕೂಗುತ್ತಿದ್ದಳು. ನಾನು ಮೂರು ಜನರ ಸೀಟಿನ ಮೇಲೆ ಅಗಲಕ್ಕೆ ಮಲಗಿ, ಬಂದವರನ್ನೆಲ್ಲ ಒದೆಯುತ್ತಿದ್ದೆ. ಹೀಗೆ ನಾಲ್ಕೈದು ಬೇಸಿಗೆ ನಾನು ನಮ್ಮ ಮನೆಯ ಟವೆಲ್ಲಾಗಿ ಕೆಲಸ ಮಾಡಿದ್ದೇನೆ.

ಮುಂದೆ ಅಕ್ಕನನ್ನು ಚನ್ನರಾಯಪಟ್ಟಣದ ಕಡೆ ದಂಡಿಗನಹಳ್ಳಿಗೆ ಕೊಟ್ಟರು. ನಾನು ಓದಿಕೊಂಡು ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದೆ. ವಿಜ್ಞಾನದ ಮೇಷ್ಟ್ರು ಎನ್ನುವುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ನನ್ನ ಮಾನ ಹೋಗುವಾಗ ಅದು ಉಪಯೋಗಕ್ಕೆ ಬರುತ್ತದೆ.

ಇಪ್ಪತ್ತು ವರ್ಷಕ್ಕೂ ಹಿಂದೆ ದೆಹಲಿಯಲ್ಲಿ ನಡೆಯುವ ಒಂದು ತರಬೇತಿಗೆ ನನ್ನನ್ನು ಆರಿಸಿದರು. ವಿಮಾನದಲ್ಲೇ ಕಳಿಸುತ್ತಾರಂತೆ ಎಂದು ಯಾರೋ ಅಂದರು. ಹೌದೋ ಅಲ್ಲವೋ ಎಂದು ವಿಚಾರಿಸುವ ತಾಳ್ಮೆ ನನಗೆಲ್ಲಿತ್ತು? ಅವತ್ತು ಸಂಜೆಯೊಳಗೆ ಸ್ಕೂಲಿಗೆ, ಬೀದಿಗೆ, ಸರೋಜಳ ತವರಾದ ಕೊರವಂಗಲಕ್ಕೆ, ಅಕ್ಕನ ದಂಡಿಗನಹಳ್ಳಿಗೆ ಸುದ್ದಿ ಮುಟ್ಟಿಸಿದೆ. ಸ್ಕೂಲಿನಲ್ಲಿ ಹಾರ ಹಾಕಿ, ಪ್ರಾರ್ಥನೆಯ ಹೊತ್ತಿನಲ್ಲಿ ಚಪ್ಪಾಳೆ ತಟ್ಟಿಸಿದರು. ಕೊನೆಗೆ ಕೈಗೆ ಬಂದದ್ದು ರೈಲಿನ ಟಿಕೀಟು. ಹಾರ ಹಾಕಿಸಿಕೊಂಡ ಕೊರಳಿನಿಂದ ರೈಲು ಎನ್ನುವ ಮಾತು ಹೊರಡಲಿಲ್ಲ ನೋಡಿ. ಹೋಗುತ್ತ ಎರಡು ದಿನ, ಬರುತ್ತ ಎರಡು ದಿನ, ರೈಲಿನ ಕಿಟಕಿಯ ಪಕ್ಕದಲ್ಲಿ ಕೂತು ನಾನು ವಿಮಾನದ ಕತೆ ಕಟ್ಟಿದೆ.

ಪೂರ್ತಿ ನಾನೇ ಕಟ್ಟಿದೆ ಎಂದರೆ ತಪ್ಪಾಗುತ್ತದೆ. ನಮ್ಮ ಸ್ಕೂಲಿನಲ್ಲಿದ್ದ ಗಣಿತದ ಮೇಷ್ಟ್ರೊಬ್ಬರು ನಿಜವಾಗಿಯೂ ಒಮ್ಮೆ ವಿಮಾನ ಹತ್ತಿದ್ದರು. ಅವರಿಗೆ ಅರಕಲಗೂಡಿಗೆ ವರ್ಗವಾಗಿತ್ತು. ಹಾಗಾಗಿ ಅವರ ಅನುಭವವನ್ನು ನಾನು ನಿಶ್ಚಿಂತೆಯಿಂದ ಬಳಸಿಕೊಂಡೆ. ಕಿವಿ ಗುಂಯ್ ಅನ್ನುವುದು, ತಟ್ಟೆಯಲ್ಲಿ ಪೆಪ್ಪರಮೆಂಟು ತರುವುದು, ಮೋಡವನ್ನು ಮೇಲಿನಿಂದ ನೋಡುವುದು ಎಲ್ಲ ಅವರದು. ನನ್ನ ಸ್ವಂತದ್ದು ಒಂದೇ ಒಂದು. ಕಿಟಕಿಯಿಂದ ಶ್ರವಣಬೆಳಗೊಳದ ಗೊಮ್ಮಟ ಕಂಡ ಎಂದೆ. ಬೆರಳುದ್ದ ಕಾಣುತ್ತಾನೆ ಎಂದೆ. ದೆಹಲಿಯ ವಿಮಾನ ಬೆಂಗಳೂರಿನಿಂದ ಉತ್ತರಕ್ಕೆ ಹಾರುತ್ತದೆ, ಬೆಳಗೊಳ ಇರುವುದು ಪಶ್ಚಿಮಕ್ಕೆ. ಮಕ್ಕಳಿಗೆ ವರ್ಷಗಟ್ಟಲೆ ದಿಕ್ಕು ಬರೆಸಿದ ಮೇಷ್ಟ್ರು ನಾನು.

ಈ ಕತೆ ಪ್ರತಿ ಬೇಸಿಗೆ ದಂಡಿಗನಹಳ್ಳಿಯಲ್ಲಿ ಅಕ್ಕನ ಮನೆಯ ಜಗಲಿಯ ಮೇಲೆ ನಡೆಯುತ್ತಿತ್ತು. ಅಕ್ಕನ ಮಗಳು ಮಂಜುಳ ಮತ್ತು ಬೀದಿಯ ಮಕ್ಕಳೆಲ್ಲ ಸುತ್ತ ಕೂರುತ್ತಿದ್ದರು. ಒಂದು ವರ್ಷ ಗೊಮ್ಮಟನ ಕಾಲ ಬಳಿ ಜನ ಕಂಡರು. ಮುಂದಿನ ವರ್ಷ ಅವರ ಕೈಯಲ್ಲಿದ್ದ ಹೂವೂ ಕಂಡಿತು. ಅಕ್ಕ ಪಕ್ಕದಲ್ಲಿ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತ ಕೇಳಿಸಿಕೊಳ್ಳುತ್ತಿದ್ದಳು. "ಅಂಗಾ?" ಅನ್ನುತ್ತಿದ್ದಳು, ಅಷ್ಟೆ. ಆ ಒಂದು ಮಾತು ನನಗೆ ಇನ್ನೊಂದು ವರ್ಷಕ್ಕಾಗುವಷ್ಟು ಹುರುಪು ಕೊಡುತ್ತಿತ್ತು.

ಆ ಮಂಜುಳ ಬೆಳೆದು, ಮದುವೆಯಾಗಿ, ಗಂಡನ ಕೆಲಸದ ದೆಸೆಯಿಂದ ಜೈಪುರ ಸೇರಿದಳು. ಚೊಚ್ಚಲ ಬಾಣಂತನ ದಂಡಿಗನಹಳ್ಳಿಯಲ್ಲೇ ಆಯಿತು. ಹೋದ ವರ್ಷ ಎರಡನೆಯ ಬಸುರಿ. ಈ ಸಲ ಅಕ್ಕನೇ ಜೈಪುರಕ್ಕೆ ಹೋಗಿ ಬಾಣಂತನ ಮಾಡುವುದೆಂದು ಗೊತ್ತಾಗಿ, ಮೇ ಕೊನೆಗೆ ರೈಲಿನ ಟಿಕೀಟು ಮಾಡಿಸಿದ್ದರು. ಮೇ ಮೊದಲ ವಾರದಲ್ಲೇ ಫೋನು ಬಂತು. ಇನ್ನು ಕಾಯುವ ಹಾಗಿಲ್ಲ, ಗುರುವಾರ ಆಪರೇಷನ್ ಮಾಡಬೇಕು ಎಂದು ಡಾಕ್ಟರು ಹೇಳಿದ್ದರು. ಅವತ್ತು ಸೋಮವಾರ. ರೈಲಿನಲ್ಲಿ ಹೊರಟರೆ ಅಕ್ಕ ತಲುಪುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಆಪರೇಷನ್ ಕೋಣೆಗೆ ಹೋಗುವ ಮೊದಲು ಅಮ್ಮ ಬೇಕು ಎಂದು ಮಂಜುಳ ಫೋನಿನಲ್ಲೇ ಅತ್ತಳು.

ಅವಳ ಗಂಡ ನನಗೂ ಫೋನು ಮಾಡಿದ. "ಮಾವ, ಬುಧವಾರಕ್ಕೆ ಫ್ಲೈಟ್ ಇದೆ. ಆದ್ರೆ ಅತ್ತೆ ಒಬ್ರೇ ಹತ್ತಲ್ವಂತೆ. ನೀವು ಬಂದ್ರೆ ಮಾತ್ರ ಬರ್ತಾರಂತೆ. ನಿಮಗೆ ವಿಮಾನದ ಅನುಭವ ಇದೆಯಂತಲ್ಲ" ಎಂದ.

ನಾನು ಏನೋ ಹೇಳಲು ಬಾಯಿ ತೆರೆದೆ. ಸರೋಜ ಪಕ್ಕದಲ್ಲೇ ನಿಂತು, "ಇದ್ಯಲ್ಲ, ಹೇಳಿ, ಹೂಂ ಅನ್ನಿ" ಎಂದಳು. ಹೂಂ ಅಂದೆ.

ನಿಜ ಹೇಳಿಬಿಡೋಣ ಎಂದೇ ಮಂಗಳವಾರ ಬೆಳಿಗ್ಗೆ ದಂಡಿಗನಹಳ್ಳಿಗೆ ಹೋದೆ. ಅಂಗಳದಲ್ಲಿ ಎಮ್ಮೆ ಕರುವನ್ನು ಎಂದಿನಂತೆ ಸಣ್ಣದೊಂದು ಸರಪಳಿಯಿಂದ ಕಂಬಕ್ಕೆ ಕಟ್ಟಿದ್ದರು. ಭಾವ ಅದಕ್ಕೆ ನೀರು ಕುಡಿಸುತ್ತ, "ನಾವು ಇವ್ನ ಬುಟ್ಟು ಎಲ್ಲಿಗೂ ಬರಾಕಾಗಲ್ಲಪ್ಪ, ನೀವೇ ಓಗ್ಬನ್ನಿ" ಎಂದರು. ಒಳಗೆ ಅಕ್ಕ ಬಾಣಂತಿ ಖಾರ ಕುಟ್ಟುತ್ತಿದ್ದಳು. ಟೀವಿ ತನ್ನ ಪಾಡಿಗೆ ಓಡುತ್ತಿತ್ತು.

"ಅಕ್ಕ, ನಿಂಗೊಂದು ಮಾತು ಹೇಳ್ಬೇಕು" ಎಂದೆ.

ಸರಿಯಾಗಿ ಅದೇ ಗಳಿಗೆಗೆ ಟೀವಿಯಲ್ಲಿ ಡೋಲು ಬಡಿಯಿತು. ಎಲ್ಲೋ ಬಿರುಗಾಳಿಗೆ ಸಿಕ್ಕ ವಿಮಾನವೊಂದರ ಒಳಗಿನ ದೃಶ್ಯ. ಜನ ಅರಚುತ್ತಿದ್ದರು, ಯಾರದೋ ನೀರಿನ ಬಾಟಲಿ ಮೇಲಕ್ಕೆ ಹಾರಿತು. ಆ ಬಾಟಲಿಗೊಂದು ಕೆಂಪು ವೃತ್ತ ಬರೆದು, ಬಾಣ ಹಾಕಿ, ಮತ್ತೆ ಮತ್ತೆ ಹಾರಿಸಿದರು. "ಆಕಾಶದಲ್ಲಿ ಸಾವಿನ ಉಯ್ಯಾಲೆ" ಎಂದು ಕೆಳಗೆ ದಪ್ಪ ಅಕ್ಷರ. ಮಗ್ಗುಲಲ್ಲಿ ಸಣ್ಣ ಚೌಕದಲ್ಲಿ ಹವಾಮಾನ: ಬುಧವಾರ ಬೆಂಗಳೂರಿನಲ್ಲಿ ಗುಡುಗು ಸಹಿತ ಮಳೆ. ಎಲ್ಲರೂ ಬದುಕಿ ಇಳಿದರು ಎನ್ನುವುದನ್ನು ಕೊನೆಯಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ನನಗೆ ಕೈ ಕಾಲು ತಣ್ಣಗಾಯಿತು. ಆ ಸೆಖೆಯಲ್ಲೂ ತಣ್ಣಗಾಯಿತು ಎಂದರೆ ನೀವೇ ಯೋಚಿಸಿ.

ಅಕ್ಕ ಒನಕೆ ನಿಲ್ಲಿಸಿ ಪೂರ್ತಿ ನೋಡಿದಳು. ಆಮೇಲೆ ಬಾಗಿಲಿಗೆ ಬಂದು ಆಕಾಶದ ನಾಲ್ಕು ಮೂಲೆ ನೋಡಿದಳು. "ಭರಣಿ ಮಳೆ ಹುಟ್ಟಿ ವಾರ ಆತು. ಮೂಡ್ಲು ಕಡೆ ಗಾಳಿ ಇಲ್ಲ. ನಾಳೆ ಬಂದ್ರೂ ಸಂಜೆ ಮೇಲೇಯ ಬರದು. ಟೀವಿಯೋರ್ಗೇನ್ ಗೊತ್ತು" ಎಂದು ಮತ್ತೆ ಒನಕೆ ಹಿಡಿದಳು. "ಮಂಜಿ ಒಬ್ಳೇ ಅವ್ಳೆ ಕಣ್ಲಾ ಅಲ್ಲಿ. ನಂಗೇನ್ ಭಯ, ಓಗ್ಬಂದಿರೋನು ನೀನಿದೀಯಲ್ಲ. ಏನೋ ಏಳ್ಬೇಕು ಅಂದ್ಯಲ್ಲ, ಏನು?"

ಈಗ ನಾನು ನಿಜ ಹೇಳಿದರೆ ಅಕ್ಕ ಹೊರಡುವುದಿಲ್ಲ. ಗುರುವಾರ ಮಂಜುಳ ಒಬ್ಬಳೇ ಆಪರೇಷನ್ ಕೋಣೆಗೆ ಹೋಗುತ್ತಾಳೆ. ಹೇಳದಿದ್ದರೆ, ಹತ್ತುವುದು ಗೊತ್ತಿಲ್ಲದ ನಾನು, ಹತ್ತುವುದು ಗೊತ್ತಿಲ್ಲದ ಅಕ್ಕನನ್ನು ಸಾವಿನ ಉಯ್ಯಾಲೆಗೆ ಹತ್ತಿಸಬೇಕು.

"ಏನಿಲ್ಲ. ಸ್ವೆಟರ್ ಇಟ್ಕೊ ಅಂತ. ಒಳಗೆ ಏಸಿ ಇರುತ್ತೆ" ಎಂದೆ. ಅದೂ ಗಣಿತದ ಮೇಷ್ಟ್ರು ಹೇಳಿದ್ದೇ.

"ಗೊಮ್ಮಟಪ್ಪ ಯಾವ್ ಕಡೀಕ್ ಕಾಣ್ತಾನ್ಲಾ? ಎಡುಕ್ಕಾ, ಬಲುಕ್ಕಾ?"

"ಎಡಕ್ಕೆ" ಎಂದೆ. ದಿಕ್ಕಾದರೂ ಸರಿ ಇರಲಿ ಎಂದು.

"ಅಂಗಾರೆ ನಂಗೆ ಎಡುಗಡೆ ಕಿಟ್ಕಿ ಸೀಟು ಇಡೀಬೇಕು ನೀನು" ಎಂದಳು.

ಬುಧವಾರ ಮುಂಜಾನೆ ಚನ್ನರಾಯಪಟ್ಟಣದಲ್ಲಿ ಬೆಂಗಳೂರಿನ ಬಸ್ಸಿಗೆ ಟವೆಲ್ಲು ಎಸೆದೆ. ಇದೇ ಟವೆಲ್ಲು, ಆಗ ಹೊಸದು. ಸರಿಯಾಗಿ ಎಡಗಡೆಯ ಕಿಟಕಿಯ ಸೀಟಿನ ಮೇಲೆಯೇ ಬಿತ್ತು. "ಕೈ ಇನ್ನೂ ಚೆನ್ನಾಗೈತೆ" ಎಂದು ಅಕ್ಕ ಮೆಚ್ಚಿದಳು. ಆ ದಿನ ನನಗೆ ಸಿಕ್ಕ ಕೊನೆಯ ಮೆಚ್ಚುಗೆ ಅದು.

ವಿಮಾನ ನಿಲ್ದಾಣದಲ್ಲಿ ನನ್ನ ಅನುಭವದ ಪರೀಕ್ಷೆ ಬಾಗಿಲಿನಿಂದಲೇ ಶುರುವಾಯಿತು. ಬಾಗಿಲಲ್ಲಿ ಬಂದೂಕು ಹಿಡಿದವರು ಆಧಾರ್ ಕೇಳಿದರು. "ಆವಾಗ್ಲೂ ಕೇಳ್ತಿದ್ರೇನ್ಲಾ?" ಎಂದಳು ಅಕ್ಕ. "ಆವಾಗ ಇರಲಿಲ್ಲ, ಈಗ ಮಾಡಿದಾರೆ" ಎಂದೆ. ಕೆಲವರಿಗೆ ಟಿಕೀಟಿನ ಚೀಟಿಯನ್ನು ಮಿಷನ್ನೇ ಕೊಡುತ್ತಿತ್ತು. ಅದೂ ಆವಾಗ ಇರಲಿಲ್ಲ. ಓಡುವ ಮೆಟ್ಟಿಲಿನ ಮುಂದೆ ನಾನು ಕಾಲಿಡಲು ಲೆಕ್ಕ ಹಾಕುತ್ತಿದ್ದಾಗ ಅಕ್ಕ ಸೆರಗು ಸಿಕ್ಕಿಸಿಕೊಂಡು ಮೇಲೆ ಹೋಗಿ ನಿಂತಿದ್ದಳು. ಮೇಲಿನಿಂದ ನನ್ನನ್ನು ನೋಡಿ, "ಇದೂ ಇರಲಿಲ್ವಾ?" ಎಂದಳು. ಇಷ್ಟು ವರ್ಷದಲ್ಲಿ ವಿಮಾನ ನಿಲ್ದಾಣಗಳು ಇಷ್ಟೊಂದು ಬದಲಾಗಿರುವುದು ನನಗೇ ಆಶ್ಚರ್ಯವಾಯಿತು.

ಸಾಮಾನು ಪರೀಕ್ಷೆಯಲ್ಲಿ ಅಕ್ಕನ ಕೈಚೀಲ ಸಿಕ್ಕಿಬಿತ್ತು. ಬಾಣಂತಿಯ ಅಂಟಿನುಂಡೆಗೆಂದು ಅವಳು ಎಂಟು ಗಿಟುಕು ಕೊಬ್ಬರಿ ತಂದಿದ್ದಳು. ತಿಪಟೂರಿನ ಕೊಬ್ಬರಿಯಲ್ಲ, ಸ್ವಂತ ತ್ವಾಟದ್ದು ಎಂದು ಖಾಕಿ ಹಾಕಿದ ಹೆಣ್ಣುಮಗಳಿಗೆ ಕನ್ನಡದಲ್ಲಿ ವಿವರಿಸಿದಳು. ಒಣಕೊಬ್ಬರಿಗೆ ಬೆಂಕಿ ಬೇಗ ಹತ್ತುತ್ತದೆ, ವಿಮಾನದಲ್ಲಿ ಬಿಡುವುದಿಲ್ಲ ಎಂದು ಆಕೆ ಹಿಂದಿಯಲ್ಲಿ ವಿವರಿಸಿದಳು. ಇಬ್ಬರೂ ನನ್ನ ಮುಖ ನೋಡಿದರು. ಕೊಬ್ಬರಿಯ ಎಣ್ಣೆ, ಅದು ಉರಿಯುವ ಬಗೆ, ಎಲ್ಲವನ್ನೂ ನಾನು ಎಂಟನೇ ಕ್ಲಾಸಿಗೆ ಪಾಠ ಮಾಡಿದ್ದೇನೆ. ಅದನ್ನು ಕೈಚೀಲದಲ್ಲಿ ಇಡುವಾಗ ಮಾತ್ರ ಹೊಳೆಯಲಿಲ್ಲ.

ಅಕ್ಕ ಬಿಸಾಡುವವಳಲ್ಲ. ಪಕ್ಕಕ್ಕೆ ಸರಿದು ನೆಲದ ಮೇಲೆ ಕೂತಳು. ಒಂದು ಗಿಟುಕನ್ನು ಇನ್ನೊಂದಕ್ಕೆ ಕುಟ್ಟಿ ಒಡೆದು, ಚೀಲದಿಂದ ಬೆಲ್ಲ ತೆಗೆದು, ಸಾಲಿನಲ್ಲಿ ನಿಂತವರಿಗೆಲ್ಲ ಹಂಚಿದಳು. ಸೂಟು ಹಾಕಿದವರೂ ಕೈಯೊಡ್ಡಿದರು. ಖಾಕಿಯ ಹೆಣ್ಣುಮಗಳು ಬೇಡ ಬೇಡ ಎನ್ನುತ್ತ ಆ ಕಡೆ ಈ ಕಡೆ ನೋಡಿ ಒಂದು ಚೂರು ಬಾಯಿಗೆ ಹಾಕಿಕೊಂಡಳು. ನನಗೂ ಒಂದು ಪಾಲು ಬಂತು.

ಇನ್ನು ಸೀಟು. ಕಿಟಕಿ ಬೇಕು ಎಂದು ಕೌಂಟರಿನಲ್ಲೇ ಕೇಳಿದ್ದೆ. ಎಲ್ಲ ತುಂಬಿದೆ ಸರ್, ಇಪ್ಪತ್ತೆರಡನೇ ಸಾಲಿನಲ್ಲಿ ನಡುವಿನದು, ಓಡಾಡುವ ಓಣಿಯ ಪಕ್ಕದ್ದು ಎರಡು ಕೊಡುತ್ತೇನೆ ಎಂದರು. ಚೀಟಿಯಲ್ಲಿ ನಂಬರು ಅಚ್ಚಾಗಿತ್ತು. ನಾನು ಅದನ್ನು ಎರಡು ಸಲ ಓದಿದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಡೆದದ್ದಕ್ಕೆ ನನ್ನ ತಿಳುವಳಿಕೆ ಕಾರಣವಲ್ಲ ಎಂದು ನಿಮಗೆ ಗೊತ್ತಾಗಲಿ ಅಂತ.

ವಿಮಾನದ ಹತ್ತಿರಕ್ಕೆ ಒಂದು ಬಸ್ಸಿನಲ್ಲಿ ಕರೆದೊಯ್ದರು. ಅದೇ ತಪ್ಪಾದದ್ದು. ಬಸ್ಸು ಎಂದ ಮೇಲೆ ನನ್ನ ಮೈ ತನ್ನಷ್ಟಕ್ಕೆ ತಾನೇ ತಯಾರಾಯಿತು. ಬಾಗಿಲ ಪಕ್ಕ ಜಾಗ ಹಿಡಿದೆ. ಬಾಗಿಲು ತೆರೆದದ್ದೇ ತಡ, ಅಕ್ಕ ಹಿಂದಿನಿಂದ "ಓಡ್ಲಾ, ಎಡುಗಡೆ" ಎಂದಳು. ಐವತ್ತು ವರ್ಷದ ಹಿಂದಿನ ದನಿ ಅದು. ಅರವತ್ತು ದಾಟಿದ ಕಾಲುಗಳು ಓಡಿದವು. ಏಣಿ ಹತ್ತಿ, ಕೈ ಮುಗಿದು ನಿಂತ ಗಗನಸಖಿಯನ್ನು ದಾಟಿ, ಕಣ್ಣಿಗೆ ಬಿದ್ದ ಮೊದಲನೆಯ ಎಡಗಡೆಯ ಕಿಟಕಿಗೆ ಟವೆಲ್ಲು ಎಸೆದೆ. ಬಿತ್ತು. ಪಕ್ಕದ ಸೀಟಿಗೆ ನನ್ನ ಚೀಲ ಇಟ್ಟೆ. ಆಮೇಲೆ ಬಾಗಿಲಿಗೆ ಬಂದು, ಏಣಿಯ ಕೆಳಗಿದ್ದ ಅಕ್ಕನಿಗೆ, "ಹಿಡಿದಿದೀನಿ, ನಿಧಾನಕ್ ಬಾ" ಎಂದು ಕೂಗಿದೆ.

ಆ ಸೀಟಿನ ಯಜಮಾನರು ಬಂದರು. ಕೈಯಲ್ಲಿ ಚೀಟಿ, ಮುಖದಲ್ಲಿ ಗೊಂದಲ. ಟವೆಲ್ಲನ್ನು ಎರಡು ಬೆರಳಲ್ಲಿ ಎತ್ತಿ ಗಗನಸಖಿಗೆ ತೋರಿಸಿದರು. ಆಕೆ ಇಂಗ್ಲಿಷಿನಲ್ಲಿ, ಇದು ಯಾರದು ಎಂದಳು.

"ನಂದು. ಟವೆಲ್ ಹಾಕಿದೀನಿ" ಎಂದೆ.

ಹಾಸನದಲ್ಲಾಗಿದ್ದರೆ ಮಾತು ಅಲ್ಲಿಗೆ ಮುಗಿಯಬೇಕು. ಆಕೆ ಮುಂದುವರಿಕೆಗಾಗಿ ಕಾಯುತ್ತ ನನ್ನನ್ನೇ ನೋಡಿದಳು. ಹಿಂದೆ ಜನ ಸಾಲುಗಟ್ಟಿ ನಿಂತರು. ಅಷ್ಟು ಹೊತ್ತಿಗೆ ನನಗೆ ನಾನೆಲ್ಲಿದ್ದೇನೆ ಎನ್ನುವುದು ತಿಳಿಯಿತು. ಆ ತಣ್ಣನೆಯ ಏಸಿಯಲ್ಲಿ ಕಿವಿಯಿಂದ ಬಿಸಿ ಹಬೆ ಹೊರಟಿತು. ಸಾಲಿನ ಮಧ್ಯದಿಂದ ಒಬ್ಬರು ಕತ್ತು ಚಾಚಿ, "ಹಾಸನ್ದೋರಾ ಸಾ?" ಎಂದರು.

"ಹೌದು. ನಿಮಗೆ ಹೆಂಗೆ ಗೊತ್ತಾಯ್ತು?"

"ಗೊತ್ತಾಗ್ದೇ ಇರ್ತದಾ ಸಾ? ನಾನು ಸಾಲಗಾಮೆಯೋನು" ಎಂದರು. ನಗು ತಡೆಯಲು ಅವರು ಪಡುತ್ತಿದ್ದ ಕಷ್ಟಕ್ಕೆ ನಾನು ಇಂದಿಗೂ ಋಣಿ. ಅವರೇ ಗಗನಸಖಿಗೆ ಅದೇನೋ ಸಮಾಧಾನ ಹೇಳಿ, ಟವೆಲ್ಲು ಮಡಚಿ ನನ್ನ ಹೆಗಲಿಗೆ ಹಾಕಿದರು. ಅದೃಷ್ಟ ನೋಡಿ, ಇಪ್ಪತ್ತೆರಡನೇ ಸಾಲಿನ ಕಿಟಕಿ ಅವರದೇ ಆಗಿತ್ತು. "ಅವ್ವಾರು ಕಿಟ್ಕಿಗೆ ಕುಂತ್ಕಳ್ಲಿ ಬುಡಿ" ಎಂದು ತಾವು ಓಣಿಯ ಪಕ್ಕದ ಸೀಟಿಗೆ ಹೋದರು. ಎಡಗಡೆಯ ಕಿಟಕಿಯೇ. ನಾನು ನಡುವೆ ಕೂತೆ. ಅಕ್ಕ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಕಿಟಕಿಯ ಕಡೆ ತಿರುಗಿದಳು. ಅದೇ ನನಗೆ ಹೆಚ್ಚು ಭಯವಾದದ್ದು.

ವಿಮಾನ ಓಡಿತು, ಎದ್ದಿತು. ವಿಮಾನ ಯಾಕೆ ಮೇಲೇಳುತ್ತದೆ ಎನ್ನುವುದನ್ನು ನಾನು ಬೋರ್ಡಿನ ಮೇಲೆ ರೆಕ್ಕೆ ಬರೆದು, ಬಾಣ ಹಾಕಿ, ಅದೆಷ್ಟು ವರ್ಷ ಹೇಳಿಕೊಟ್ಟೆನೋ. ಅವತ್ತು ಅದರಲ್ಲಿ ಒಂದಕ್ಷರವೂ ನನಗೆ ನಂಬಿಕೆ ಬರಲಿಲ್ಲ. ಕಣ್ಣು ಮುಚ್ಚಿ ಟವೆಲ್ಲಿನ ಎರಡು ತುದಿ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಮೋಡ ಬಂತು, ವಿಮಾನ ಅಲ್ಲಾಡಿತು. ನನ್ನ ಕಣ್ಣ ಮುಂದೆ ಕೆಂಪು ವೃತ್ತದೊಳಗಿನ ಬಾಟಲಿ ಹಾರಿತು.

"ಅಕ್ಕ, ಹೆದ್ರುಕೋಬೇಡ. ಆವಾಗ ಇಷ್ಟು ಅಲ್ಲಾಡ್ತಿರಲಿಲ್ಲ, ಈಗ ಮಾತ್ರ..." ಎಂದೆ.

"ಸಾಕು ಸುಮ್ಕಿರ್ಲಾ" ಎಂದಳು ಅಕ್ಕ. ನನ್ನ ಕೈ ಹಿಡಿದುಕೊಂಡಳು. "ಕಣ್ಬುಟ್ಟು ನೋಡು. ನಿಂಗೂ ಇದೇ ಮೊದ್ಲು ತಾನೆ?"

ಕಣ್ಣು ಬಿಟ್ಟೆ. ಅವಳು ಕಿಟಕಿಯ ಕಡೆ ನೋಡುತ್ತಲೇ ಮಾತಾಡುತ್ತಿದ್ದಳು.

"ಡೆಲ್ಲಿಯಿಂದ ಬಂದು ನಮ್ಮನೇಲಿ ಎಲ್ಡು ದಿನ ಇದ್ಯಲ್ಲ. ನಿನ್ ಅಂಗಿ ಒಗ್ದೋಳು ನಾನಲ್ವಾ. ಎಲ್ಡು ಬಕೀಟು ನೀರು ಕರ್ರಗಾತು. ಚೀಲ ಕೊಡವುದ್ರೆ ಒಂದು ಸರಪಣಿ, ಒಂದು ಬೀಗ ಬಿತ್ತು. ರೈಲ್ನಾಗೆ ಸೀಟಿನ್ ಕೆಳಗೆ ಚೀಲ ಕಟ್ಟಾಕ್ತಾರಲ್ಲ, ಅದು. ಇಮಾನದಾಗೆ ಯಾರ್ಲಾ ಚೀಲುಕ್ಕೆ ಸರಪಣಿ ಕಟ್ಟಾರು? ಅದ್ರಾಗೇ ಕಣ ಇವತ್ತೂ ಎಮ್ಮೆ ಕರ ಕಟ್ಟಾಕ್ತಿರದು."

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಆ ಜಗಲಿಯ ಮೇಲೆ ಕೂತು ವಿಮಾನದ ಕತೆ ಹೇಳಿದ್ದೇನೆ. ಎದುರಿಗೆ, ಹತ್ತು ಅಡಿ ದೂರದಲ್ಲಿ, ಕರುವಿನ ಕೊರಳಲ್ಲಿ ನನ್ನ ರೈಲಿನ ಸರಪಳಿ ತೂಗುತ್ತಿತ್ತು.

"ಮತ್ತೆ ಯಾಕೆ ಹೇಳ್ಲಿಲ್ಲ ಅಕ್ಕ?"

"ಏನಂತ ಏಳನ? ಐಕ್ಳೆಲ್ಲ ಬಾಯ್ಬುಟ್ಕಂಡು ಕೇಳ್ತಿದ್ವು. ನೀನೂ ಅಷ್ಟಾಸೆಯಾಗೆ ಏಳ್ತಿದ್ದೆ."

"ಹಂಗಾದ್ರೆ ನಾನು ಬಂದ್ರೇನೇ ಹತ್ತೋದು ಅಂತ ಹಟ ಮಾಡಿದ್ದು ಯಾಕೆ? ನನಗೇನು ಗೊತ್ತಿತ್ತು?"

ಅಕ್ಕ ಈಗ ನನ್ನ ಕಡೆ ತಿರುಗಿದಳು. "ಅಳೀಮಯ್ಯ ನಂಗೊಬ್ಳಿಗೇ ಟಿಕೀಟ್ ಮಾಡ್ತೀನಿ ಅಂದ್ರು. ವಯಸ್ಸಾದೋರ್ನ ಅಲ್ಲಿಯೋರೇ ಕೈಯಿಡ್ದು ಕೂರುಸ್ತಾರಂತೆ. ಮಂಜಿಗೋಸ್ಕರ ನಾನು ಒಬ್ಳೇ ಆದ್ರೂ ಓಯ್ತಿದ್ದೆ ಕಣ. ನಾನೇ ಒಲ್ಲೆ ಅಂದೆ. ನಿನ್ನ ಯಾರ್ಲಾ ಕರ್ಕೊಂಡೋಗ್ತಾರೆ? ಇಷ್ಟ್ ವರ್ಸದಿಂದ ಸುಳ್ಳೇಳ್ಕಂಡು ತಿರುಗ್ತಾವ್ನೆ, ಒಂದ್ಸಲ ನಿಜ ಆಗ್ಲಿ ಅಂತ."

ನಾನು ಟವೆಲ್ಲಿನಿಂದ ಮುಖ ಒರೆಸಿಕೊಂಡೆ. ಓಣಿಯ ಪಕ್ಕದಲ್ಲಿದ್ದ ಸಾಲಗಾಮೆಯವರು ಭಯಕ್ಕೆ ಬೆವರುತ್ತಿದ್ದಾರೆ ಎಂದುಕೊಂಡು ನೀರಿನ ಬಾಟಲಿ ಕೊಟ್ಟರು. ಬಾಟಲಿ ಎಲ್ಲಿಗೂ ಹಾರಲಿಲ್ಲ. ವಿಮಾನ ಮೋಡ ದಾಟಿತ್ತು. ಅಕ್ಕ ಹಿಂದಕ್ಕೆ ಒರಗಿ, ತನ್ನ ಕಿಟಕಿಯಿಂದ ನನಗೂ ಕಾಣುವ ಹಾಗೆ ಜಾಗ ಮಾಡಿಕೊಟ್ಟಳು. ಮೋಡವನ್ನು ಮೇಲಿನಿಂದ ನೋಡಿದೆ. ಗಣಿತದ ಮೇಷ್ಟ್ರು ಸರಿಯಾಗಿಯೇ ಹೇಳಿದ್ದರು.

ಅಕ್ಕ ಸಂಜೆಯೇ ಮಂಜುಳಳ ಮುಂದೆ ಇದ್ದಳು. ಗುರುವಾರ ಹೆಣ್ಣುಮಗು ಹುಟ್ಟಿತು. ಜೈಪುರದ ಬಿಸಿಲಿನ ಬಗ್ಗೆ ಟೀವಿಯವರು ಹೇಳಿದ್ದರಲ್ಲಿ ಏನೂ ಸುಳ್ಳಿರಲಿಲ್ಲ. ಅಕ್ಕ ಮಾತ್ರ ಆ ಮರಳಿನ ಹಪ್ಪಳದ ದೃಶ್ಯ ನೋಡಿ, ಹಪ್ಪಳದ ಹಿಟ್ಟು ಹದವಾಗಿ ನಾದಿಲ್ಲ ಎಂದಳು. ಮೂರು ತಿಂಗಳು ಅಲ್ಲೇ ನಿಂತು ಬಾಣಂತನ ಮುಗಿಸಿ ಬಂದಳು. ನಾನು ವಾರಕ್ಕೇ ಹೊರಟೆ. ಅಕ್ಕ ಪಕ್ಕದಲ್ಲಿಲ್ಲದೆ ಇನ್ನೊಂದು ಸಲ ಹಾರುವ ಧೈರ್ಯ ಬರಲಿಲ್ಲ, ರೈಲಿನಲ್ಲೇ ಬಂದೆ. ಸರಪಳಿ ಇರಲಿಲ್ಲವಾದ್ದರಿಂದ ಚೀಲವನ್ನು ಈ ಟವೆಲ್ಲಿನಿಂದಲೇ ಸೀಟಿನ ಕಾಲಿಗೆ ಕಟ್ಟಿದೆ. ಇದರ ಬಿಳಿ ಹೋದದ್ದು ಅಲ್ಲಿಯೇ.

ಹೋದ ಭಾನುವಾರ ದಂಡಿಗನಹಳ್ಳಿಗೆ ಹೋಗಿದ್ದೆ. ಬೇಸಿಗೆ ರಜ, ಜಗಲಿಯ ತುಂಬ ಮಕ್ಕಳು. ಈಗ ವಿಮಾನದ ಕತೆ ಅಕ್ಕನದು. ಅವಳು ಹುಣಸೆಹಣ್ಣು ಜಜ್ಜುತ್ತ, ಓಡುವ ಮೆಟ್ಟಿಲು, ಕೊಬ್ಬರಿ ಹಂಚಿದ್ದು, ಮೋಡ, ಎಲ್ಲ ಹೇಳಿದಳು. ಟವೆಲ್ಲಿನ ವಿಷಯ ಬಂದಾಗ ನಾನು ತಲೆಯ ಮೇಲಿನ ಟವೆಲ್ಲನ್ನು ಕಣ್ಣಿನವರೆಗೂ ಎಳೆದುಕೊಂಡೆ. "ನಮ್ ತಮ್ಮ ಓಡೋಗಿ ನಂಗೆ ಕಿಟ್ಕಿ ಸೀಟು ಇಡ್ದ" ಎಂದಳು, ಅಷ್ಟೆ. ಮುಂದಿನದನ್ನು ನುಂಗಿಕೊಂಡಳು.

ಮೊಮ್ಮಕ್ಕಳ ವಯಸ್ಸಿನ ಒಂದು ಹುಡುಗಿ ಕೇಳಿತು. "ಅಜ್ಜಿ, ಗೊಮ್ಮಟಪ್ಪ ಕಂಡ್ನಾ?"

ಅಕ್ಕ ಜಜ್ಜುವುದನ್ನು ನಿಲ್ಲಿಸಿದಳು. ನಾನು ಕರುವಿನ ಸರಪಳಿಯ ಕಡೆ ನೋಡುತ್ತ ಕೂತೆ.

"ಕಾಣ್ದೇ ಏನು? ಎಡುಗಡೆ ಕಿಟ್ಕೀಲೇ ಕಂಡ. ಇಷ್ಟುದ್ದ ಕಂಡ" ಎಂದು ಬೆರಳು ತೋರಿಸಿದಳು. "ನೆತ್ತಿ ಮೇಲೆ ಒಂದು ಕಾಗೆ ಕುಂತಿತ್ತು. ಅಲ್ವೇನ್ಲಾ?"

ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು ನಾನು. ಕಂಡದ್ದನ್ನು ಕಂಡಂತೆ ಹೇಳಬೇಕು ಎಂದು ಎಷ್ಟೋ ಮಕ್ಕಳಿಗೆ ಕಿವಿ ಹಿಂಡಿ ಕಲಿಸಿದವನು. ತಲೆಯ ಮೇಲಿನ ಟವೆಲ್ಲನ್ನು ತೆಗೆದು ಹೆಗಲಿಗೆ ಹಾಕಿಕೊಂಡೆ.

"ಒಂದಲ್ಲ ಕಣಕ್ಕ, ಎರಡು ಕಾಗೆ" ಎಂದೆ.

"ಅಂಗಾ?" ಎಂದಳು ಅಕ್ಕ.